ಮೈದನಹಳ್ಳಿಗೆ ಹೋಗೋರು ಒಮ್ಮೆ ಕೆಳಗೂ ನೋಡಿ

ಮಧುಗಿರಿ ಹತ್ತಿರದ ಮೈದನಹಳ್ಳಿಗೆ ಕೃಷ್ಣಮೃಗ ನೋಡೋಕೆ ಹೋಗಿದ್ದೆ. ಮೊದಲೇ ಹೇಳಿಬಿಡ್ತೀನಿ, ಬಸ್ ನಂಬಬೇಡಿ. ಮಧುಗಿರಿಯಲ್ಲಿ ಕಂಡಕ್ಟರ್ "ಹತ್ತಿ, ಅಲ್ಲೇ ಇಳಿಸ್ತೀನಿ" ಅಂದರು. ಇಳಿಸಿದ್ದು ಯಾವುದೋ ಕ್ರಾಸಿನಲ್ಲಿ. ಅಲ್ಲಿದ್ದ ಒಂದೇ ಆಟೊದವರು 400 ರೂಪಾಯಿ ಕೇಳಿದರು, ಕೊಟ್ಟೆ. ಬೆಳಗ್ಗೆ 6ಕ್ಕೆ ಇರಬೇಕಾದ ಜಾಗಕ್ಕೆ 9ಕ್ಕೆ ಮುಟ್ಟಿದೆ. ಕೃಷ್ಣಮೃಗಗಳು ಅಷ್ಟು ಹೊತ್ತಿಗೆ ದೂರದಲ್ಲಿ ಚುಕ್ಕಿಗಳಾಗಿದ್ದವು. ಹಿಂದಿನ ರಾತ್ರಿಯೇ ಮಧುಗಿರಿಯಲ್ಲಿ ಗಾಡಿ ಗೊತ್ತು ಮಾಡಿಕೊಳ್ಳಿ.

ಜಿಂಕೆ ಸಿಗದ ಬೇಜಾರಿಗೆ ಹುಲ್ಲು ನೋಡುತ್ತಾ ಕೂತೆ. ಮೈದನಹಳ್ಳಿಯ ಈ ಜಯಮಂಗಲಿ ಕೃಷ್ಣಮೃಗ ಮೀಸಲು ಪ್ರದೇಶ ಸುಮಾರು 800 ಎಕರೆ, ಘೋಷಣೆಯಾಗಿದ್ದು 2007ರಲ್ಲಿ. ದೂರದಿಂದ ಬರೀ ಬಯಲು. ಜೇಬಿನಲ್ಲಿದ್ದ ದಾರದಿಂದ ಒಂದು ಮೀಟರ್ ಚೌಕ ಹಾಕಿ ಎಣಿಸಿದೆ. 11 ಬಗೆಯ ಗಿಡ! ಊಬಿನ ಹುಲ್ಲು, ಹಂಚಿಕಡ್ಡಿ, ಗರಿಕೆ, ತುಂಬೆ. ಅವುಗಳ ಬುಡದಲ್ಲಿ ಉಗುರಿನಷ್ಟು ನೀಲಿ ಹೂವಿನ ವಿಷ್ಣುಕ್ರಾಂತಿ. ಅದು ಅರಳೋದು ಬೆಳಗ್ಗೆ ಮಾತ್ರ, ಬಿಸಿಲೇರಿದ ಮೇಲೆ ಹೋದರೆ ಕಾಣಲ್ಲ. ಊಬಿನ ಹುಲ್ಲಿನ ಒಂದು ಬೀಜವನ್ನು ಅಂಗೈ ಮೇಲಿಟ್ಟು ಎರಡು ಹನಿ ನೀರು ಹಾಕಿ ನೋಡಿ. ತಿರುಚಿಕೊಂಡಿರುವ ಅದರ ಬಾಲ ನಿಧಾನಕ್ಕೆ ತಿರುಗುತ್ತದೆ. ಮಳೆ ಬಂದಾಗ ಬೀಜ ಹೀಗೇ ತಿರುಗಿ ತಿರುಗಿ ನೆಲ ಕೊರೆಯುತ್ತದೆ.

ಅಲ್ಲಿಂದ ನೀಲಗಿರಿ ತೋಪಿಗೆ ನಡೆದು ಅದೇ ಚೌಕ ಹಾಕಿದೆ. ಒಣಗಿದ ಎಲೆಯ ಹಾಸು, ಸೊರಗಿದ ಎರಡು ಗಿಡ, ಅಷ್ಟೇ. ಗಾಡಿ ಓಡಾಡಿ ಮಣ್ಣು ಕಿತ್ತ ಅಂಚಿನಲ್ಲಿ ಮಾತ್ರ ಹಸಿರೋ ಹಸಿರು, ಆದರೆ ಮುಕ್ಕಾಲು ಪಾಲು ಕಾಂಗ್ರೆಸ್ ಗಿಡ. ಅದನ್ನು ಮುಟ್ಟಬೇಡಿ, ಕೆಲವರಿಗೆ ಮೈ ತುರಿಕೆ ಬರುತ್ತದೆ. ಇನ್ನೊಂದು ಕಳೆ ಬಳ್ಳಾರಿ ಜಾಲಿ ಹಬ್ಬೋದಕ್ಕೆ ದನಕರುಗಳೂ ಕಾರಣ. ಕಾಯಿ ತಿನ್ನುತ್ತವೆ, ಸಗಣಿಯಲ್ಲಿ ಬೀಜ ಬಿತ್ತಿ ಹೋಗುತ್ತವೆ. ಹುಲ್ಲಿನ ಬುಡ ಒಮ್ಮೆ ಕಿತ್ತುಹೋದರೆ ಮೊದಲಿನ ಹಾಗಾಗಲು ವರ್ಷಗಳು ಬೇಕು. ಇಂಥ ಜಾಗವನ್ನು ಪಾಳುಭೂಮಿ ಅಂದುಕೊಂಡು ಗುಂಡಿ ತೋಡಿ ಸಸಿ ನೆಡೋದು ಕಂಡರೆ ಹೊಟ್ಟೆ ಉರಿಯುತ್ತದೆ.

ಹೋಗೋದಾದರೆ ಮಳೆ ಮುಗಿಯುವ ಹೊತ್ತಿಗೆ, ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಅರಣ್ಯ ಇಲಾಖೆಯವರನ್ನು ಕೇಳಿಯೇ ಒಳಗೆ ಹೋಗಿ. ಇಡೀ ಬೆಳಗ್ಗೆ ನನಗೆ ಸಿಕ್ಕವರು ಇಬ್ಬರೇ, ಅದೂ ಕುರಿ ಕಾಯೋರು. ಜನ, ಗದ್ದಲ ಬೇಕು ಅನ್ನೋರಿಗೆ ಈ ಜಾಗ ಹಿಡಿಸಲ್ಲ.

ಊಟ ಮಾತ್ರ ತಪ್ಪಿಸಬೇಡಿ. ವಾಪಸ್ ಬರುವ ದಾರಿಯಲ್ಲಿ ತಗಡಿನ ಶೀಟಿನ ಒಂದು ಹೋಟೆಲ್, ಬೋರ್ಡೂ ಇಲ್ಲ. ಬಿಸಿ ರಾಗಿಮುದ್ದೆ, ಹುರುಳಿಕಾಳಿನ ಬಸ್ಸಾರು, ಜೊತೆಗೆ ಸೊಪ್ಪಿನ ಪಲ್ಯ, ಹಸಿ ಈರುಳ್ಳಿ. 60 ರೂಪಾಯಿ. ಸಾರಿಗೆ ಬೆಳ್ಳುಳ್ಳಿ ಸುಟ್ಟು ಹಾಕಿದ್ದರು, ಆ ಘಮ ಇನ್ನೂ ಮೂಗಿನಲ್ಲೇ ಇದೆ. ಬೇಡ ಬೇಡ ಅಂದರೂ ಎರಡನೇ ಮುದ್ದೆ ಬಡಿಸಿದರು. ನಾನು ಸಾಕ್ಸಿನಿಂದ ಊಬು ಕೀಳುತ್ತಿದ್ದರೆ ಹೋಟೆಲಿನ ಅಮ್ಮ ನೋಡಿ, "ಕುರಿ ತುಪ್ಪಟಕ್ಕೆ ಸೇರಿಕೊಂಡ್ರೂ ಹಿಂಗೇ, ಬಿಡಲ್ಲ" ಅಂದರು. ಬಾಗಿಲ ಪಕ್ಕದಲ್ಲಿ ಸವೆದ ಹಂಚಿಕಡ್ಡಿ ಪೊರಕೆ ಇತ್ತು. "ಮೊದ್ಲು ಇದನ್ನ ಇಲ್ಲೇ ಹಿಂದ್ಗಡೆ ಕೊಯ್ತಿದ್ವಿ. ನೀಲಗಿರಿ ಹಾಕಿದ್ಮೇಲೆ ಒಂದು ಕಡ್ಡಿನೂ ಇಲ್ಲ. ಈಗ ಸಂತೇಲಿ ಕೊಂಡ್ಕೊಂಡು ಬರ್ತೀವಿ."