ಬೆಳ್ಳಿಯ ಮೇಲಿನ ಜೋಡಿ ಸವಾರರು

ರೋಮ್‌ಗೆ ಹೋದವರೆಲ್ಲ ಟ್ರೆವಿ ಕಾರಂಜಿಗೆ ನಾಣ್ಯ ಎಸೆಯುತ್ತಾರೆ. ನಾವೂ ಹೋದೆವು. ನೀರಿಗಿಂತ ಸೆಲ್ಫಿ ಕೋಲುಗಳೇ ಜಾಸ್ತಿ ಕಂಡವು. ನನಗೆ ಬೇಕಿದ್ದ ನಾಣ್ಯಗಳು ಟರ್ಮಿನಿ ಸ್ಟೇಷನ್ ಹತ್ತಿರದ ಪಲಾಜೊ ಮಾಸ್ಸಿಮೊ ಮ್ಯೂಸಿಯಂನ ನೆಲಮಾಳಿಗೆಯಲ್ಲಿದ್ದವು. ಸೋಮವಾರ ಮಾತ್ರ ಹೋಗಬೇಡಿ. ನಾವಿಳಿದಿದ್ದ ಲಾಡ್ಜಿನವನು "ದಿನಾ ತೆಗೆದಿರುತ್ತೆ" ಅಂದಿದ್ದ. ಮುಚ್ಚಿದ ಬಾಗಿಲ ಮುಂದೆ ಬಿಸಿಲಲ್ಲಿ ನಿಂತ ಸಿಟ್ಟು ಇನ್ನೂ ಇಳಿದಿಲ್ಲ.

ಮಾರನೆಯ ದಿನ ಒಳಗೆ ಹೋದವನು ಡಿನಾರಿಯಸ್ ಮುಂದೆ ನಿಂತುಬಿಟ್ಟೆ. ಕ್ರಿ.ಪೂ. 211ರ ಸುಮಾರಿಗೆ, ಕಾರ್ತೇಜಿನ ಸೇನಾಪತಿ ಹ್ಯಾನಿಬಲ್ ಜೊತೆ ಯುದ್ಧ ನಡೆಯುತ್ತಿದ್ದಾಗ ಶುರುವಾದ ಬೆಳ್ಳಿ ನಾಣ್ಯ ಇದು. ಒಂದು ಕಡೆ ಶಿರಸ್ತ್ರಾಣ ತೊಟ್ಟ ರೋಮಾ ದೇವಿ. ಇನ್ನೊಂದು ಕಡೆ ಅವಳಿ ದೇವರು ಕ್ಯಾಸ್ಟರ್, ಪೊಲಕ್ಸ್. ಈಟಿ ಹಿಡಿದು ಕುದುರೆ ಓಡಿಸುತ್ತಿದ್ದಾರೆ, ತಲೆಯ ಮೇಲೆ ಒಂದೊಂದು ನಕ್ಷತ್ರ. ನಮ್ಮ ಅಶ್ವಿನಿ ದೇವತೆಗಳ ನೆನಪಾಗುತ್ತೆ, ಅಲ್ವಾ? ಈ ರೋಮನ್ ಅವಳಿಗಳು ರೆಗಿಲ್ಲಸ್ ಕೆರೆ ಹತ್ತಿರದ ಯುದ್ಧದಲ್ಲಿ ರೋಮನ್ನರನ್ನು ಗೆಲ್ಲಿಸಿ, ಹಳೆಯ ರೋಮ್‌ನ ಊರಚೌಕ ಫೋರಂನ ಬುಗ್ಗೆಯಲ್ಲಿ ಕುದುರೆಗಳಿಗೆ ನೀರು ಕುಡಿಸಿ, ಗೆದ್ದ ಸುದ್ದಿ ಹೇಳಿ ಮಾಯವಾದರಂತೆ. ಅಲ್ಲೇ ಅವರ ಗುಡಿಯ ಮೂರು ಕಂಬಗಳು ಇನ್ನೂ ನಿಂತಿವೆ.

ಕ್ರಿ.ಪೂ. 44ರಲ್ಲಿ ಜೂಲಿಯಸ್ ಸೀಸರ್ ಬದುಕಿದ್ದಾಗಲೇ ನಾಣ್ಯಕ್ಕೆ ತನ್ನ ಮುಖ ಹಾಕಿಸಿಕೊಂಡ. ಆಮೇಲೆ ದೇವರುಗಳು ಹಿಂಬದಿಗೆ ಸರಿದರು. ಚಕ್ರವರ್ತಿಗಳ ಆ ಸಾಲು ಮುಖಗಳು ನನಗೆ ಬೇಜಾರು. ಬೇಗ ದಾಟುತ್ತಿದ್ದವನು ತಿಬೇರಿಯಸ್ ಹತ್ತಿರ ನಿಂತೆ. ಅವನ ನಾಣ್ಯದ ಹಿಂದೆ ಕೊಂಬೆ ಹಿಡಿದು ಕೂತ ಹೆಣ್ಣು.

ಕಾವಲಿಗಿದ್ದ ಹೆಂಗಸು ಬಂದು ಯಾವ ಊರು ಎಂದರು. ಬೆಂಗಳೂರು ಎಂದೆ. "ಇವನ ಬೆಳ್ಳಿ ನಾಣ್ಯಗಳು ನಮ್ಮ ಯಶವಂತಪುರದಲ್ಲೂ, ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಸಿಕ್ಕಿವೆ."

"ಅಷ್ಟು ದೂರ? ಬದಲಿಗೆ ನೀವೇನು ಕೊಟ್ಟಿರಿ?"

"ಇಂಡಿಯಾದಿಂದ ಮೆಣಸು, ಮುತ್ತು, ಬಟ್ಟೆ ಬರುತ್ತಿತ್ತು. ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ ಇಂಡಿಯಾ ಪಾಲಾಗುತ್ತೆ ಅಂತ ನಿಮ್ಮ ಹಳೆಯ ರೋಮನ್ ಲೇಖಕ ಪ್ಲಿನಿ ಗೊಣಗಿದ್ದ." ನಾಲ್ಕು ಸೆಸ್ಟರ್ಸ್‌ಗೆ ಒಂದು ಡಿನಾರಿಯಸ್.

ಆಕೆ ಜೋರಾಗಿ ನಕ್ಕರು. ಆಮೇಲೆ ಆ ಹೆಣ್ಣಿನತ್ತ ಬೆರಳು ತೋರಿಸಿದರು. "ಶಾಂತಿ ದೇವಿ ಅಂತಾರೆ ಕೆಲವರು. ತಿಬೇರಿಯಸ್‌ನ ತಾಯಿ ಲಿವಿಯಾ ಅಂತಾರೆ ಇನ್ನು ಕೆಲವರು. ಲಿವಿಯಾ ಮನೆಯ ಗೋಡೆಗಳೇ ಮೇಲಿವೆ. ನೋಡದೆ ಹೋಗಬೇಡಿ."

ಹತ್ತಿದೆವು. ಒಂದು ಕೋಣೆ ತುಂಬ ಗೋಡೆಗೋಡೆಗೂ ತೋಟದ ಚಿತ್ರ, ದಾಳಿಂಬೆ, ಹಕ್ಕಿಗಳು. ಇಂಥ ತೋಟದ ಒಡತಿಯೇ ಆ ಕೊಂಬೆ ಹಿಡಿದವಳು ಎಂದು ನಾನು ಹಟ ಹಿಡಿದೆ. "ಬೆರಳುಗುರಿನಷ್ಟಿಲ್ಲ ಆ ಬೊಂಬೆ, ಯಾರಾದರೂ ಆಗಬಹುದು" ಎಂದಳು ಹೆಂಡತಿ.