ಹಳೇ ಟೈರು, ಎರಡು ಕೋನು
ಇವತ್ತಿನ ಆಟೋಕ್ರಾಸ್‌ನಲ್ಲಿ (ರಬ್ಬರ್ ಕೋನ್‌ಗಳ ನಡುವೆ ಒಬ್ಬೊಬ್ಬರಾಗಿ ಕಾರು ಓಡಿಸಿ ಟೈಮ್ ಅಳೆಯೋ ಸ್ಪರ್ಧೆ) ಮೊದಲ ಸುತ್ತಿಗೇ ಎರಡು ಕೋನ್ ಉರುಳಿಸಿದೆ. ಇಲ್ಲಿ ಅಮೆರಿಕದಲ್ಲಿ ಕೋನ್‌ಗೆ 2 ಸೆಕೆಂಡ್ ದಂಡ, ಸುಮ್ನೆ 4 ಸೆಕೆಂಡ್ ಹೋಯಿತು. ಒಂದಂತೂ ಬಂಪರ್ ಅಡಿ ಸಿಕ್ಕಿಕೊಂಡು ಫಿನಿಶ್ ತನಕ ಕರಕರ ಅನ್ನುತ್ತಾ ಜೊತೆಗೇ ಬಂತು! ಆಮೇಲೆ ಟೈರಿನ ಪಕ್ಕದ ಅಂಕಿ ನೋಡಿದರೆ 2319, ಅಂದರೆ 2019ರ 23ನೇ ವಾರ ತಯಾರಾದದ್ದು. ರಸ್ತೆಗೆ ತಾಗೋ ಕಡೆಯ ಗೀರುಗಳೆಲ್ಲ ಇನ್ನೂ ಆಳವಾಗೇ ಇವೆ, ಆದರೆ ಇಷ್ಟು ವರ್ಷ ಕಾದು ಆರಿ, ಕಾದು ಆರಿ ರಬ್ಬರ್ ಎಷ್ಟು ಗಟ್ಟಿಯಾಗಿದೆ ಅಂದರೆ ಉಗುರು ಒತ್ತಿದರೂ ಗುರುತು ಬೀಳುವುದಿಲ್ಲ, ಇನ್ನು ನೆಲ ಹಿಡಿಯೋದೆಲ್ಲಿ. ನೋಡೋಕೆ ಚೆನ್ನಾಗಿದ್ದು ಒಳಗೆ ಬಿಗಿದುಕೊಂಡಿರೋದು, ನನ್ನ ಮಂಡಿ ಥರಾನೇ ಅಲ್ವಾ. ಮೂರನೇ ಸುತ್ತಿನ ಹೊತ್ತಿಗೆ ಟೈರ್ ಬಿಸಿಯಾಗಿತ್ತು, ಏರಿದ್ದ ಗಾಳಿಯನ್ನು 3 ಪಿಎಸ್‌ಐ ಇಳಿಸಿದೆ, ಸ್ಟೀರಿಂಗ್ ಎಳೆದಾಡದೆ ನಿಧಾನಕ್ಕೆ ತಿರುಗಿಸಿದೆ. ಹಿಡಿತ ಬಂತು. ಕೋನೂ ಒಂದೂ ಬೀಳಲಿಲ್ಲ, ಟೈಮ್ ಮಾತ್ರ ಕೇಳಬೇಡಿ.