ತಳಿ ಯಾವುದೆಂದು ಕೇಳುವ ಚೀಟಿ

ನಮ್ಮ ಪ್ರಯೋಗಾಲಯಕ್ಕೆ ಮಾದರಿಯ ಜೊತೆ ಬರುವ ಚೀಟಿಗಳಲ್ಲಿ ಆಗಾಗ 'ಹರ್ಪಿಸ್ ತಳಿ ಪತ್ತೆ ಮಾಡಿ' ಎಂದಷ್ಟೇ ಬರೆದಿರುತ್ತದೆ. ಬರೆದವರಿಗೆ ಬೇಕಾಗಿರುವುದು ಬಹುತೇಕ ತಳಿಯಲ್ಲ, ವೈರಸ್ಸಿನ ಬಗೆ. ಮನುಷ್ಯರನ್ನು ಕಾಡುವ 9 ಹರ್ಪಿಸ್ ವೈರಸ್‌ಗಳಲ್ಲಿ ಸಿಂಪ್ಲೆಕ್ಸ್ 1 ಮತ್ತು ಸಿಂಪ್ಲೆಕ್ಸ್ 2 ಎಂಬವು ಬೇರೆ ಬೇರೆ ವೈರಸ್‌ಗಳೇ ಹೊರತು ಒಂದೇ ವೈರಸ್ಸಿನ ಎರಡು ತಳಿಗಳಲ್ಲ. ಒಂದು ಬಗೆಯೊಳಗೇ ಒಬ್ಬ ರೋಗಿಯ ವೈರಸ್ಸಿಗೂ ಇನ್ನೊಬ್ಬರ ವೈರಸ್ಸಿಗೂ ಇರುವ ವ್ಯತ್ಯಾಸವೇ ತಳಿಯ ವಿಚಾರ. ಈ ಎರಡು ಪ್ರಶ್ನೆಗಳಿಗೆ ಬೇಕಾಗುವ ಪರೀಕ್ಷೆ, ಸಮಯ, ಖರ್ಚು ಮೂರೂ ಬೇರೆಯಾದ್ದರಿಂದ, ಕೆಲಸಕ್ಕೆ ಕೈಹಾಕುವ ಮೊದಲು ವೈದ್ಯರಿಗೆ ಫೋನ್ ಮಾಡಿ ಕೇಳುವುದನ್ನು ರೂಢಿ ಮಾಡಿಕೊಂಡಿದ್ದೇನೆ.

ಬಗೆಯನ್ನು ಗುರುತಿಸುವುದು ಈಗ ಕೆಲವು ಗಂಟೆಗಳ ಕೆಲಸ. ಗುಳ್ಳೆಯ ತಳವನ್ನು ಸ್ವಾಬ್‌ನಿಂದ ಉಜ್ಜಿ ತೆಗೆದ ಜೀವಕೋಶಗಳಿಂದಲೋ, ಮಿದುಳಿನ ಉರಿಯೂತದ ಶಂಕೆಯಿದ್ದರೆ ಬೆನ್ನಿನಿಂದ ತೆಗೆದ ಸಿಎಸ್‌ಎಫ್ ಎಂಬ ಮಿದುಳು-ಬೆನ್ನುಹುರಿಯ ದ್ರವದಿಂದಲೋ ಡಿಎನ್‌ಎ ಬೇರ್ಪಡಿಸಿ, ಎರಡೂ ಬಗೆಗಳಲ್ಲಿರುವ ಒಂದು ಜೀನಿನ ತುಣುಕನ್ನು ಪಿಸಿಆರ್‌ನಲ್ಲಿ, ಅಂದರೆ ಡಿಎನ್‌ಎಯನ್ನು ಮತ್ತೆ ಮತ್ತೆ ನಕಲು ಮಾಡುವ ವಿಧಾನದಲ್ಲಿ, ವರ್ಧಿಸುತ್ತೇವೆ. ಆ ತುಣುಕಿಗೆ ಅಂಟಿಕೊಳ್ಳುವ ಪ್ರೋಬ್ ಎಂಬ ಚಿಕ್ಕ ಡಿಎನ್‌ಎ ಎಳೆ ಒಂದು ಬಗೆಯೊಡನೆ ಅಕ್ಷರಕ್ಕಕ್ಷರ (ಡಿಎನ್‌ಎಯ ಅಕ್ಷರಗಳೆಂದರೆ ಎ, ಟಿ, ಜಿ, ಸಿ) ಹೊಂದುತ್ತದೆ, ಇನ್ನೊಂದರೊಡನೆ ಅಲ್ಲಲ್ಲಿ ತಪ್ಪುತ್ತದೆ. ಉಷ್ಣಾಂಶವನ್ನು ನಿಧಾನವಾಗಿ ಏರಿಸಿದಾಗ ಸರಿಯಾಗಿ ಹೊಂದದ ಪ್ರೋಬ್ ಬೇಗನೆ ಕಳಚಿಕೊಳ್ಳುವುದರಿಂದ ಪರದೆಯ ಮೇಲೆ ಎರಡು ಬಗೆಗಳ ಶಿಖರಗಳು ಬೇರೆ ಬೇರೆ ಜಾಗದಲ್ಲಿ ಮೂಡುತ್ತವೆ. ಒಮ್ಮೆ ಒಂದು ಮಾದರಿಯ ಶಿಖರ ಇವೆರಡರಲ್ಲಿ ಯಾವುದಕ್ಕೂ ಸೇರದೆ ನಡುವೆ ನಿಂತಿತು. ಎರಡು ಬಗೆಗಳೂ ಬೆರೆತಿವೆಯೆಂದು ಮೊದಲು ಅನ್ನಿಸಿತಾದರೂ, ಬೆರೆತಿದ್ದರೆ ಎರಡು ಶಿಖರಗಳು ಕಾಣಬೇಕಿತ್ತು. ಆ ತುಣುಕನ್ನು ಡಿಎನ್‌ಎ ಅಕ್ಷರಗಳ ಸಾಲನ್ನು ತಿಳಿಸುವ ಸ್ಯಾಂಗರ್ ವಿಧಾನದಲ್ಲಿ ಓದಿಸಿದಾಗ, ವೈರಸ್ಸು ಎರಡನೆಯ ಬಗೆಯದೇ ಆಗಿದ್ದು, ಪ್ರೋಬ್ ಕೂರುವ ಜಾಗದಲ್ಲಿ ಒಂದೇ ಒಂದು ಅಕ್ಷರ ಬದಲಾಗಿತ್ತು.

ತಳಿಯನ್ನು ಗುರುತಿಸುವ ಕೆಲಸವೇನೂ ಹೊಸದಲ್ಲ. 1970ರ ದಶಕದಲ್ಲಿಯೇ ವೈರಸ್ಸನ್ನು ಜೀವಕೋಶಗಳಲ್ಲಿ ಬೆಳೆಸಿ, ಅದರ ಡಿಎನ್‌ಎಯನ್ನು ನಿರ್ಬಂಧಕ ಕಿಣ್ವಗಳಿಂದ ಕತ್ತರಿಸಿ, ಜೆಲ್‌ನಲ್ಲಿ ಮೂಡುವ ಪಟ್ಟಿಗಳನ್ನು ಹೋಲಿಸಿ, ಆಸ್ಪತ್ರೆಯೊಳಗೆ ಹಬ್ಬಿದ ಸೋಂಕುಗಳಿಗೆ ಒಂದೇ ಮೂಲವಿದೆಯೇ ಎಂದು ನೋಡುತ್ತಿದ್ದರು. ಈಗ ಇಡೀ ಜೀನೋಮನ್ನೇ, ಅಂದರೆ ವೈರಸ್ಸಿನ ಪೂರ್ತಿ ಡಿಎನ್‌ಎಯನ್ನೇ ಓದಬಹುದು, ಆದರೆ ಸಲೀಸಲ್ಲ. ಸಿಂಪ್ಲೆಕ್ಸ್ 1ರ ಜೀನೋಮ್ ಸುಮಾರು 1,52,000 ಅಕ್ಷರಜೋಡಿಗಳಷ್ಟು ಉದ್ದವಿದ್ದು, ಅದರಲ್ಲಿ ಜಿ ಮತ್ತು ಸಿ ಅಕ್ಷರಗಳ ಪಾಲು ಶೇ. 68ರಷ್ಟಿದೆ; ಸಾಲದ್ದಕ್ಕೆ ಮರುಕಳಿಸುವ ಭಾಗಗಳೂ ಇವೆ. ಸ್ವಾಬ್‌ನಲ್ಲಿ ಸಿಗುವುದೋ ಹೆಚ್ಚಿನಂಶ ರೋಗಿಯದೇ ಡಿಎನ್‌ಎ. ವೈರಸ್ಸನ್ನು ಬೆಳೆಸಿ ಓದೋಣವೆಂದರೆ ಬೆಳೆಯುವಾಗಲೇ ಅದು ಬದಲಾಗುವ ಸಾಧ್ಯತೆಯುಂಟು, ಆದ್ದರಿಂದ ವೈರಸ್ಸಿನ ತುಣುಕುಗಳನ್ನಷ್ಟೇ ಹಿಡಿದೆಳೆಯುವ ಪ್ರೋಬ್‌ಗಳನ್ನು ಬಳಸಿ ನೇರ ಮಾದರಿಯಿಂದಲೇ ಓದುವುದು ಮೇಲೆಂದು ನನ್ನ ಅಭಿಪ್ರಾಯ.

ಇಷ್ಟು ಶ್ರಮಪಟ್ಟು ತಳಿ ಒಂದೇ ಎಂದು ಗೊತ್ತಾದರೂ, ಸೋಂಕು ಯಾರಿಂದ ಯಾರಿಗೆ ಹೋಯಿತು, ಯಾವಾಗ ಹೋಯಿತು ಎಂಬುದು ಅದರಿಂದ ತಿಳಿಯುವುದಿಲ್ಲ. ಈ ವೈರಸ್ಸು ನರಗಂಟುಗಳಲ್ಲಿ ವರ್ಷಗಟ್ಟಲೆ ಸುಮ್ಮನಿದ್ದು ಆಮೇಲೆ ಏಳಬಲ್ಲದು. ದಂಪತಿಗಳ ನಡುವಿನ ಅನುಮಾನಕ್ಕೆ ನಮ್ಮ ವರದಿಯಿಂದ ತೀರ್ಪು ಬಯಸುವವರಿಗೆ ನಾನು ಇದನ್ನು ಮತ್ತೆ ಮತ್ತೆ ಹೇಳಬೇಕಾಗುತ್ತದೆ.

ಔಷಧಿ ನಾಟದಿದ್ದಾಗ ಬರುವ ಪ್ರಶ್ನೆ ಹೆಚ್ಚು ಉಪಯುಕ್ತವಾದದ್ದು. ವೈರಸ್ಸಿನದೇ ಥೈಮಿಡಿನ್ ಕೈನೇಸ್ ಕಿಣ್ವ ಸಕ್ರಿಯಗೊಳಿಸಿದರೆ ಮಾತ್ರ ಹರ್ಪಿಸ್‌ಗೆ ಕೊಡುವ ಅಸೈಕ್ಲೋವಿರ್ ಔಷಧಿ ಕೆಲಸ ಮಾಡುತ್ತದೆ. ಮಣಿಯದ ವೈರಸ್‌ಗಳಲ್ಲಿ ಹೆಚ್ಚಿನವು ಆ ಕಿಣ್ವದ ಜೀನಿನಲ್ಲಿಯೇ ಎಡವಿರುತ್ತವೆ. ಅದರಲ್ಲಿ ಸತತವಾಗಿ 7 ಜಿ ಅಕ್ಷರಗಳು ಬರುವ ಒಂದು ಜಾಗವಿದೆ. ನಕಲು ಮಾಡುವಾಗ ಅಲ್ಲಿ ಜಾರಿ 8 ಆದರೆ ಮುಂದಿನ ಓದೆಲ್ಲ ಕೆಟ್ಟು ಕಿಣ್ವ ಅರ್ಧಕ್ಕೇ ನಿಲ್ಲುತ್ತದೆ. ಕಿರಿಕಿರಿಯೆಂದರೆ, ಪಿಸಿಆರ್ ಮತ್ತು ಓದುವ ಯಂತ್ರಗಳೂ ಇಂಥ ಜಾಗದಲ್ಲಿಯೇ ಜಾರುತ್ತವೆ, ಹಾಗಾಗಿ ಮಾದರಿಯಿಂದ ಹೊಸದಾಗಿ ಇನ್ನೊಮ್ಮೆ ವರ್ಧಿಸಿ ಓದದೆ ನಾನು ಸಹಿ ಹಾಕುವುದಿಲ್ಲ. ಚಿಕನ್‌ಪಾಕ್ಸ್ ತರುವುದೂ ಒಂದು ಹರ್ಪಿಸ್ ವೈರಸ್ಸೇ; ಅದರ ಲಸಿಕೆಯ ನಂತರ ಗುಳ್ಳೆಗಳೆದ್ದರೆ, ಲಸಿಕೆಯ ಓಕಾ ತಳಿಗೂ ಹೊರಗೆ ಹರಡುವ ವೈರಸ್ಸಿಗೂ ಕೆಲವು ನಿಗದಿತ ಅಕ್ಷರಗಳಲ್ಲಿರುವ ವ್ಯತ್ಯಾಸವನ್ನು ನೋಡಿದರೆ ಸಾಕು, ಇಡೀ ಜೀನೋಮ್ ಬೇಡ.

ಇದೇ ಗುಂಪಿನ ಹರ್ಪಿಸ್ 6 ಎಂಬ ವೈರಸ್ಸಿನ ವಿಷಯದಲ್ಲಿ ಮಾತ್ರ ಬಗೆ, ತಳಿ ಎರಡಕ್ಕಿಂತ ಮುಖ್ಯವಾದ ಮೂರನೆಯ ಪ್ರಶ್ನೆಯೊಂದು ಏಳುತ್ತದೆ. ಸುಮಾರು ಶೇ. 1ರಷ್ಟು ಜನರಲ್ಲಿ ಈ ವೈರಸ್ಸಿನ ಜೀನೋಮ್ ವರ್ಣತಂತುವಿನ ತುದಿಯಲ್ಲಿಯೇ ಸೇರಿಕೊಂಡು ತಂದೆಯಿಂದಲೋ ತಾಯಿಯಿಂದಲೋ ಬಂದಿರುತ್ತದೆ. ಅಂಥವರ ರಕ್ತವನ್ನು ಪರೀಕ್ಷಿಸಿದರೆ ಸೋಂಕು ಭುಗಿಲೆದ್ದಿದೆ ಎನ್ನಿಸುವಷ್ಟು ಸಂಖ್ಯೆ ಬರುತ್ತದೆ, ಮತ್ತು ಅದನ್ನು ನಂಬಿದ ವೈದ್ಯರು ಮೂತ್ರಪಿಂಡಕ್ಕೋ ಅಸ್ಥಿಮಜ್ಜೆಗೋ ಭಾರವಾಗುವ ಔಷಧಿ ಶುರುಮಾಡುವ ಅಪಾಯವಿದೆ. ಸಂಖ್ಯೆ ವಿಪರೀತವಾಗಿದ್ದಾಗ ಜೀವಕೋಶವೊಂದಕ್ಕೆ ವೈರಸ್ಸಿನ ಎಷ್ಟು ಪ್ರತಿಗಳಿವೆಯೆಂದು ಡಿಜಿಟಲ್ ಪಿಸಿಆರ್‌ನಲ್ಲಿ ಎಣಿಸುತ್ತೇನೆ. ಅದು ಹೆಚ್ಚುಕಡಿಮೆ ಒಂದರ ಬಳಿ ನಿಂತರೆ, ಬುಡಸಮೇತ ಕಿತ್ತ ನಾಲ್ಕಾರು ಕೂದಲನ್ನು ಕಳಿಸಿಕೊಡಿ ಎಂದು ವಾರ್ಡಿಗೆ ಫೋನ್ ಮಾಡುತ್ತೇನೆ. ಕೂದಲಬುಡದಲ್ಲಿಯೂ ವೈರಸ್ಸಿನ ಡಿಎನ್‌ಎ ಸಿಕ್ಕಿದರೆ ಅದು ರೋಗಿಯ ಜೊತೆಯಲ್ಲೇ ಹುಟ್ಟಿದ್ದು.